ನಲವತ್ತೊಂದನೇ ಹೃದಯ

ಇಲ್ಲಿ ನೆರೆದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಹಿಸ್ಕೆಯ ಪತಿ ವೊಬ್ಬೆ ಅವರಿಗೆ, ಅವಳ ತಮ್ಮ ಡೌವೆ ಅವರಿಗೆ, ಡೌವೆಯವರ ಮಗಳು ಮಾರಿಟ್‌ಗೆ — ನಮ್ಮ ಹೃದ್ರೋಗ ಸಂಶೋಧನಾ ವಿಭಾಗದ ಎಲ್ಲರ ಪರವಾಗಿ ತಲೆಬಾಗುತ್ತೇನೆ. ಪ್ರೊಫೆಸರ್ ಹಾಯ್ಟಿಂಗ್ ಅವರೇ, ವೈದ್ಯ ಮಿತ್ರರೇ, ದಾದಿಯರೇ, ಬಾಗಿಲ ಹತ್ತಿರ ನಿಂತಿರುವವರೇ — ಒಳಗೆ ಬನ್ನಿ, ಈ ಕಡೆ ಇನ್ನೂ ನಾಲ್ಕು ಕುರ್ಚಿ ಇವೆ.

ನನ್ನ ಪರಿಚಯ ಇಲ್ಲದವರಿಗಾಗಿ ಹೇಳುತ್ತೇನೆ. ನಾನು ಹಾರ್ಮ್ ನೈಬೂರ್. ಇದೇ ಕಟ್ಟಡದ ಮೂರನೇ ಮಹಡಿಯ ಲ್ಯಾಬಿನಲ್ಲಿ, ಒಂದೇ ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಹಿಸ್ಕೆ ವಿಯಾರ್ಡಾ, ಇನ್ನೊಂದು ತುದಿಯಲ್ಲಿ ನಾನು — ಹೀಗೆ ಇಪ್ಪತ್ತಾರು ವರ್ಷ. ಇಬ್ಬರೂ ಲ್ಯಾಬ್ ಟೆಕ್ನಿಷಿಯನ್‌ಗಳು. ಪ್ರೊಫೆಸರರು ಯೋಚನೆ ಮಾಡುತ್ತಾರೆ, ನಾವು ಅಳೆಯುತ್ತೇವೆ. ಅವಳು ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಮಾತಿನ ಧಾಟಿ ಕೇಳಿ ಅಂದಳು, "ನೀನು ಇದೇ ಗ್ರೋನಿಂಗನ್ನೋನಾ? ಇರ್ಲಿ ಬಿಡು, ಅದು ನಿನ್ನ ತಪ್ಪಲ್ಲ." ಅವಳು ಪಕ್ಕದ ಪ್ರಾಂತ್ಯ ಫ್ರೀಸ್‌ಲ್ಯಾಂಡಿನವಳು; ಎರಡೂ ಕಡೆಯವರಿಗೆ ಹಳೆಯ ಜಿದ್ದು. ಇಪ್ಪತ್ತಾರು ವರ್ಷದಲ್ಲಿ ಆ ಅಭಿಪ್ರಾಯವನ್ನು ಅವಳು ಬದಲಾಯಿಸಲಿಲ್ಲ.

ಹಿಸ್ಕೆ ಹೋಗಿ ಇವತ್ತಿಗೆ ಹನ್ನೊಂದು ದಿನ. ಐವತ್ತೊಂಬತ್ತು ವಯಸ್ಸು. ದುಃಖ ಇದೆ. ವೊಬ್ಬೆ ಅವರ ಮುಖ ನೋಡಿದರೆ ನನಗೆ ಮಾತು ಮುಂದುವರಿಸಲು ಕಷ್ಟವಾಗುತ್ತದೆ, ಅದಕ್ಕೇ ನಾನು ಆ ಕಡೆ ನೋಡುತ್ತಿಲ್ಲ. ಆದರೆ ನಾನು ಇಲ್ಲಿ ನಿಂತಿರುವುದು ಗೆದ್ದವಳೊಬ್ಬಳ ಕತೆ ಹೇಳುವುದಕ್ಕೆ. ಅವಳು ಗೆದ್ದಳು. ಅದನ್ನು ಕಣ್ಣಾರೆ ನೋಡಿ ಹೋದಳು. ಇದನ್ನು ಯಾರೂ ಮರೆಯಬಾರದು.

ಅವಳ ತಂದೆಯವರಿಂದ ಶುರು ಮಾಡುತ್ತೇನೆ. ಅವರು ಹಳ್ಳಿಯ ಕಾಲುವೆಯ ಸೇತುವೆ ಕಾಯುತ್ತಿದ್ದರು. ದೋಣಿ ಬಂದರೆ ಚಕ್ರ ತಿರುಗಿಸಿ ಸೇತುವೆಯನ್ನು ಮೇಲೆತ್ತುವುದು, ದೋಣಿ ದಾಟಿದ ಮೇಲೆ ಇಳಿಸುವುದು. ಹಿಸ್ಕೆಗೆ ಹನ್ನೊಂದು ವರ್ಷವಿದ್ದಾಗ, ಒಂದು ಬೇಸಿಗೆಯ ಶನಿವಾರ, ಸೇತುವೆ ಪೂರ್ತಿ ಮೇಲೆದ್ದಿರುವಾಗಲೇ ಅವರು ಚಕ್ರದ ಪಕ್ಕ ಕುಸಿದು ಬಿದ್ದರು. ಎರಡೂ ಕಡೆ ದೋಣಿಗಳು. ವಿಷಯ ಗೊತ್ತಿಲ್ಲದ ದೋಣಿಯವರು ಹಾರ್ನ್ ಹಾಕುತ್ತಿದ್ದರು. ಆಂಬುಲೆನ್ಸ್ ಬಂತು — ಆದರೆ ಆಚೆ ದಡಕ್ಕೆ ಬಂತು. ಈಚೆ ದಡದಲ್ಲಿ ಅಪ್ಪ. ನಡುವೆ ಮೇಲೆದ್ದ ಸೇತುವೆ.

ಹನ್ನೊಂದು ವರ್ಷದ ಹುಡುಗಿ ಚಕ್ರ ಹಿಡಿದಳು. ಇಡೀ ಮೈಭಾರ ಹಾಕಿ ತಿರುಗಿಸಿ — ಹೀಗೆ, ಎರಡೂ ಕೈಯಲ್ಲಿ, ಕಾಲು ನೆಲಕ್ಕೆ ಕೊಟ್ಟು — ಸೇತುವೆ ಇಳಿಸಿದಳು. ಆಂಬುಲೆನ್ಸ್ ದಾಟಿತು. ಅಷ್ಟರಲ್ಲಿ ತಡವಾಗಿತ್ತು. ತಂದೆಗೆ ನಲವತ್ತೊಂದು. ಹೃದಯ ದೊಡ್ಡದಾಗಿ, ಜೋಲಾಗಿ, ಬಡಿಯುವ ಶಕ್ತಿ ಕಳೆದುಕೊಂಡಿತ್ತು ಎಂದು ಆಮೇಲೆ ಗೊತ್ತಾಯಿತು. ಆ ಮನೆತನದಲ್ಲಿ ಅದು ಹರಿದು ಬಂದದ್ದು.

ಇದನ್ನು ನನಗೆ ಹೇಳಿದ್ದು ಹಿಸ್ಕೆ ಅಲ್ಲ, ಡೌವೆ. ಹೃದಯದ ಲ್ಯಾಬನ್ನೇ ಯಾಕೆ ಆರಿಸಿಕೊಂಡೆ ಎಂದು ನಾನು ಒಮ್ಮೆ ಅವಳನ್ನು ಕೇಳಿದ್ದೆ. "ರೈಲ್ವೇ ಸ್ಟೇಷನ್ನಿಗೆ ಹತ್ರ," ಅಂದಳು.

ಇನ್ನು ನಮ್ಮ ಕೆಲಸದ ಬಗ್ಗೆ ಎರಡು ಮಾತು. ಹೆದರಬೇಡಿ, ಚಿತ್ರ ತೋರಿಸುವುದಿಲ್ಲ. ಹಿಸ್ಕೆಯೇ ಒಮ್ಮೆ ಶಾಲೆಯ ಮಕ್ಕಳಿಗೆ ಹೇಳಿದ್ದನ್ನು ಹೇಳುತ್ತೇನೆ. ಮಕ್ಕಳು ಲ್ಯಾಬ್ ನೋಡಲು ಬಂದಿದ್ದರು. ಒಬ್ಬ ಹುಡುಗಿ ಕೇಳಿದಳು, ಮೈಕ್ರೋಆರ್‌ಎನ್‌ಎ ಅಂದರೇನು ಎಂದು. ಪ್ರೊಫೆಸರರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಿಸ್ಕೆ ಶುರು ಮಾಡಿದಳು.

"ನಿಮ್ಮ ಮನೇಲಿ ಅಡುಗೆಮನೆಗೆ ಒಂದು ಚೀಟಿ ಹೋಗುತ್ತೆ ಅಂದ್ಕೋ. 'ಸೂಪು ಮಾಡಿ' ಅಂತ. ದಾರೀಲಿ ಒಬ್ಬ ಬಂದು ಆ ಚೀಟಿ ಮೇಲೆ ಕೂತ್ಕೊಂಡ್ರೆ?"

"ಸೂಪಿಲ್ಲ."

"ಅಷ್ಟೇ. ಹಂಗೆ ಕೂತ್ಕೊಳ್ಳೋ ಪುಟಾಣೀನೇ ಮೈಕ್ರೋಆರ್‌ಎನ್‌ಎ. ಬರೀ ಇಪ್ಪತ್ತೆರಡು ಅಕ್ಷರದ ತುಂಡು. ನಮ್ಮ ಮೈಯೊಳಗೆ ಇಂಥಾ ಚೀಟಿ ಲಕ್ಷಾಂತರ ಓಡಾಡ್ತಿರುತ್ತೆ. ದಿನಾ ಸೂಪು ಬೇಡ ನೋಡು, ಅದಕ್ಕೆ ಆಗಾಗ ಒಬ್ಬ ಕೂತ್ಕೊಳ್ಳೋದು ಒಳ್ಳೇದೇ. ಆದ್ರೆ ಕಾಯಿಲೆ ಬಿದ್ದ ಹೃದಯದಲ್ಲಿ ಇವರ ಸಂಖ್ಯೆ ಜಾಸ್ತಿ ಆಗಿ ಮೇಲೇಳೋದೇ ಇಲ್ಲ. ಹೃದಯಕ್ಕೆ ಬೇಕಾಗಿದ್ದು ತಯಾರಾಗಲ್ಲ."

"ಎಬ್ಬಿಸೋದು ಹೇಗೆ?"

"ಅವನಿಗೆ ಅಕ್ಷರಕ್ಕೆ ಅಕ್ಷರ ಹೊಂದೋ ಒಂದು ಜೋಡಿ ತಯಾರು ಮಾಡಿ ಕಳಿಸ್ತೀವಿ. ಅದನ್ನ ನೋಡಿದ್ದೇ ತಡ, ಹೋಗಿ ತಬ್ಬಿಕೊಳ್ತಾನೆ. ಚೀಟಿ ಬಿಡುಗಡೆ."

ತಬ್ಬಿಕೊಳ್ಳುವ ಮಾತು ಬಂದಾಗ ಪ್ರೊಫೆಸರ್ ಹಾಯ್ಟಿಂಗ್ ಅವರ ಹುಬ್ಬು ಮೇಲೇರಿತ್ತು. ಆಮೇಲೆ ಅವರೇ ನನ್ನ ಹತ್ತಿರ ಹೇಳಿದರು, "ಮೂವತ್ತು ಪುಟ ಬರೆದರೂ ನಾನು ಇಷ್ಟು ಚೆನ್ನಾಗಿ ಹೇಳಿಲ್ಲ." ಹೌದಲ್ಲವೇ, ಪ್ರೊಫೆಸರ್? — ತಲೆಯಾಡಿಸುತ್ತಿದ್ದಾರೆ.

ಆ ಜೋಡಿ ತುಂಡು ಇಲಿಗಳಲ್ಲಿ ಕೆಲಸ ಮಾಡಿತು. ದಣಿದ ಇಲಿಯ ಹೃದಯ ಮತ್ತೆ ಬಿಗಿಯಾಯಿತು. ಎಲ್ಲರೂ ಹೇಳಿದರು, ಇಲಿ ಇಲಿಯೇ. ಮನುಷ್ಯರ ಹೃದಯ ಬೇಕಿತ್ತು. ಹೃದಯ ಬದಲಾಯಿಸುವ ಶಸ್ತ್ರಚಿಕಿತ್ಸೆ ನಡೆದಾಗ ಹೊರತೆಗೆದ ಹಳೆಯ ಹೃದಯವನ್ನು, ರೋಗಿ ಒಪ್ಪಿದ್ದರೆ, ನಮ್ಮ ಲ್ಯಾಬಿಗೆ ಕೊಡುತ್ತಿದ್ದರು. ಮಂಜುಗಡ್ಡೆಯ ಪೆಟ್ಟಿಗೆ ಹಿಡಿದು ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲಲ್ಲಿ ಕಾಯುವವಳು ಹಿಸ್ಕೆ. ಹನ್ನೊಂದು ನಿಮಿಷದಲ್ಲಿ ಮೇಲಕ್ಕೆ. ಹೀಗೆ ನಲವತ್ತು ಹೃದಯಗಳನ್ನು ತಂದಳು. ಪ್ರತಿಯೊಂದಕ್ಕೂ ಸಂಖ್ಯೆ ಮಾತ್ರ, ಹೆಸರಿಲ್ಲ.

ಆಮೇಲೆ ಒಂದು ಶರತ್ಕಾಲದಲ್ಲಿ ನಾನು ಗಮನಿಸಿದೆ. ಮೆಟ್ಟಿಲು ಹತ್ತುವಾಗ ಅವಳು ಎರಡನೇ ಮಹಡಿಯಲ್ಲಿ ನಿಲ್ಲುತ್ತಿದ್ದಳು. ನೋಟೀಸ್ ಬೋರ್ಡ್ ಓದುತ್ತಿದ್ದಳು. ಅಲ್ಲಿದ್ದದ್ದು ಯಾರದೋ ಕಳೆದುಹೋದ ಸೈಕಲ್ಲಿನ ಚೀಟಿ, ಎರಡು ವರ್ಷ ಹಳೆಯದು. ದಿನವೂ ಅದನ್ನೇ ಓದುತ್ತಿದ್ದಳು.

ಒಂದು ದಿನ ಪಕ್ಕದಲ್ಲಿ ನಿಂತು ಕೇಳಿದೆ, "ಸಿಕ್ತಾ ಸೈಕಲ್ಲು?"

"ಯಾವ ಸೈಕಲ್ಲು?"

ಅವಳು ಗೋಡೆಗೆ ಕೈ ಕೊಟ್ಟು ನಿಂತಿದ್ದಳು. ತುಟಿ ನೀಲಿಯಾಗಿತ್ತು. "ಅಪ್ಪನದ್ದೇ ಕಣೋ ಹಾರ್ಮ್," ಅಂದಳು. "ನನಗೆ ಗೊತ್ತಾಗಿ ಒಂದು ವರ್ಷ ಆಯ್ತು."

ಹದಿನಾಲ್ಕು ತಿಂಗಳು ಅವಳ ಹೆಸರು ಹೃದಯ ಕಸಿಯ ಪಟ್ಟಿಯಲ್ಲಿತ್ತು. ಆ ಹದಿನಾಲ್ಕು ತಿಂಗಳೂ ಕೂತುಕೊಂಡೇ ಕೆಲಸ ಮಾಡಿದಳು. ಕೊನೆಕೊನೆಗೆ ವೊಬ್ಬೆ ಬೆಳಿಗ್ಗೆ ಅವಳನ್ನು ಗಾಲಿಕುರ್ಚಿಯಲ್ಲಿ ತಂದು ಬಿಟ್ಟು, ಸಂಜೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಒಂದು ದಿನ ಅವಳು ಒಂದು ಅರ್ಜಿಗೆ ಸಹಿ ಹಾಕಿ ನನ್ನ ಮುಂದಿಟ್ಟಳು. ತನ್ನ ಹಳೆಯ ಹೃದಯವನ್ನು ಈ ಲ್ಯಾಬಿಗೆ ಕೊಡುವ ಒಪ್ಪಿಗೆ.

"ಬಾಗಿಲಲ್ಲಿ ನೀನೇ ಇರ್ಬೇಕು," ಅಂದಳು. "ಹೊಸಬರನ್ನ ಕಳಿಸ್ಬೇಡ, ಅವರು ಓಡ್ತಾರೆ. ನೀನು ನಡ್ಕೊಂಡು ಬಾ. ಇನ್ನೊಂದು ವಿಷ್ಯ. ಪೆಟ್ಟಿಗೆ ಮೇಲೆ ಬಗ್ಗಿ ಅಳಬೇಡ. ಉಪ್ಪು ಬಿದ್ರೆ ಮಾದರಿ ಕೆಡುತ್ತೆ."

ಒಂದು ಫೆಬ್ರವರಿಯ ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬಂತು. ಅವಳಿಗೆ ಹೃದಯ ಸಿಕ್ಕಿದೆ. ನಾನು ಬಾಗಿಲಲ್ಲಿ ನಿಂತೆ. ಮಧ್ಯಾಹ್ನ ಒಬ್ಬ ದಾದಿ ಹೊರಗೆ ಬಂದು ಪೆಟ್ಟಿಗೆಯಲ್ಲಿ ಅದನ್ನು ಇಟ್ಟಳು. ನಾನು ನಡೆದುಕೊಂಡೇ ಬಂದೆ. ನನ್ನ ಜೀವನದಲ್ಲಿ ನಾನು ನಡೆದ ಅತಿ ಉದ್ದದ ದಾರಿ ಅದು — ಹನ್ನೊಂದು ನಿಮಿಷ. ನಲವತ್ತೊಂದನೇ ಸಂಖ್ಯೆ ಬರೆದೆ. ಹಿಂದಿನ ನಲವತ್ತರ ಹಾಗೆ ಒಂದು ಭಾಗ ಹೆಪ್ಪುಗಟ್ಟಿಸಿ ಇಟ್ಟೆ. ಇನ್ನೊಂದು ಭಾಗವನ್ನು, ನಾವು ಆಗಷ್ಟೇ ಕಲಿತ ಹೊಸ ವಿಧಾನದಲ್ಲಿ, ತೆಳುವಾಗಿ, ನಾಲ್ಕೈದು ಕೂದಲೆಳೆ ಸೇರಿಸಿದಷ್ಟು ತೆಳುವಾಗಿ ಸೀಳಿ, ಪೋಷಕ ದ್ರವದಲ್ಲಿ ಎರಡು ಕೊಕ್ಕೆಗಳ ನಡುವೆ ಸಿಕ್ಕಿಸಿದೆ. ಹಾಗೆ ಇಟ್ಟು ಸಣ್ಣ ವಿದ್ಯುತ್ ಮಿಡಿತ ಕೊಟ್ಟರೆ ಆ ಸೀಳು ಬಡಿಯುತ್ತದೆ. ಎಷ್ಟು ಬಲವಾಗಿ ಎಳೆಯುತ್ತದೆ ಎಂದು ಅಳೆಯಬಹುದು.

ಕೆಳಗೆ ತೀವ್ರ ನಿಗಾ ಘಟಕದಲ್ಲಿ ಹಿಸ್ಕೆ ಬೇರೊಬ್ಬರ ಹೃದಯದೊಂದಿಗೆ ಮಲಗಿದ್ದಳು. ಮೂರನೇ ಮಹಡಿಯಲ್ಲಿ ಅವಳ ಸ್ವಂತ ಹೃದಯದ ಆರು ಸೀಳುಗಳು ಬಡಿಯುತ್ತಿದ್ದವು. ಮೂರಕ್ಕೆ ನಮ್ಮ ಜೋಡಿ ತುಂಡು, ಮೂರಕ್ಕೆ ಬರೀ ಉಪ್ಪುನೀರು. ಎ ಮತ್ತು ಬಿ. ಯಾವುದಕ್ಕೆ ಯಾವುದು ಎಂದು ಬರೆದ ಲಕೋಟೆ ಔಷಧಾಲಯದವರ ಹತ್ತಿರ ಇತ್ತು. ನನಗೂ ಗೊತ್ತಿರಲಿಲ್ಲ.

ಒಂಬತ್ತನೇ ದಿನ ಅವಳನ್ನು ನೋಡಲು ಬಿಟ್ಟರು. ಮುಖಗವಸು, ಗೌನು, ಟೋಪಿ ಹಾಕಿಕೊಂಡು ಒಳಗೆ ಹೋದೆ. ಅವಳ ಮುಖದಲ್ಲಿ ಬಣ್ಣ ಇತ್ತು. ಎರಡು ವರ್ಷದಿಂದ ನಾನು ಆ ಬಣ್ಣ ನೋಡಿರಲಿಲ್ಲ.

"ಇನ್ನೂ ಬಡೀತಿದೆಯಾ?" ಅಂದಳು.

"ಯಾವುದು?"

"ಹಳೇದು ಮಾರಾಯ. ಹೊಸದು ನನಗೇ ಕೇಳಿಸ್ತಿದೆ."

ನನ್ನ ಫೋನಿನಲ್ಲಿ ವಿಡಿಯೋ ಇತ್ತು, ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. "ಪಾಪ. ಎಷ್ಟು ಕಷ್ಟ ಪಡ್ತಿದೆ ನೋಡು," ಅಂದಳು. ಆಮೇಲೆ ತಕ್ಷಣ, "ಇದು ಎ-ನೋ, ಬಿ-ನೋ?"

"ಎ. ಆದ್ರೆ ಎ ಅಂದ್ರೆ ಏನು ಅಂತ ಗೊತ್ತಿಲ್ಲ."

"ಗೊತ್ತಾಗ್ಲೂ ಬಾರದು," ಎಂದು ಫೋನ್ ವಾಪಸ್ ಕೊಟ್ಟಳು.

ಹದಿನಾಲ್ಕನೇ ದಿನ ಲಕೋಟೆ ಒಡೆದೆವು. ಬಿ ಗುಂಪಿನ ಮೂರೂ ಸೀಳುಗಳು ಮೂರನೇ ಒಂದು ಭಾಗದಷ್ಟು ಹೆಚ್ಚು ಬಲವಾಗಿ ಎಳೆಯುತ್ತಿದ್ದವು. ಬಿ — ನಮ್ಮ ತುಂಡು ಹೋದ ಗುಂಪು. ಮನುಷ್ಯರ ಸೋತ ಹೃದಯವೊಂದು ಅದಕ್ಕೆ ಓಗೊಟ್ಟದ್ದನ್ನು ನಮ್ಮ ಲ್ಯಾಬ್ ನೋಡಿದ್ದು ಅದೇ ಮೊದಲು. ನಾನು ಕುಣಿಯುವುದರಲ್ಲಿದ್ದೆ. ಪ್ರೊಫೆಸರರು ಅಂದರು, "ಒಂದೇ ಹೃದಯ, ಹಾರ್ಮ್. ಒಂದರಿಂದ ಏನೂ ಸಾಬೀತಾಗಲ್ಲ."

ಫೋನಿನಲ್ಲಿ ಹಿಸ್ಕೆಗೆ ಹೇಳಿದೆ. "ಅವರು ಹೇಳೋದು ಸರಿ," ಅಂದಳು. "ಇನ್ನೂ ತನ್ನಿ. ಆದ್ರೆ ನನ್ನ ಹತ್ರ ಕೇಳ್ಬೇಡಿ, ಸದ್ಯಕ್ಕೆ ಕೊಡೋಕಾಗಲ್ಲ."

ಏಳು ತಿಂಗಳ ಮೇಲೆ ಅವಳು ಕೆಲಸಕ್ಕೆ ಮರಳಿದಳು. ಅಷ್ಟರಲ್ಲಿ ನಲವತ್ತಮೂರು ಹೃದಯಗಳಾಗಿದ್ದವು. ಹೆಪ್ಪುಗಟ್ಟಿಸಿಟ್ಟ ಅಷ್ಟೂ ತುಂಡುಗಳಲ್ಲಿ ಆ ಮೈಕ್ರೋಆರ್‌ಎನ್‌ಎ ಎಷ್ಟಿದೆ ಎಂದು ಅವಳೇ ಅಳೆದಳು. ಸಂಖ್ಯೆಗಳನ್ನು ಮುಚ್ಚಿ, ಬೇರೆ ಗುರುತು ಅಂಟಿಸಿ ಕೊಟ್ಟವನು ನಾನು; ತನ್ನದು ಯಾವುದು ಎಂದು ಅವಳು ಕೇಳಲಿಲ್ಲ. ಹೃದಯಾಘಾತದಿಂದ ಸೋತದ್ದಿರಲಿ, ಸೋಂಕಿನಿಂದ ಸೋತದ್ದಿರಲಿ, ವಂಶದಿಂದ ಬಂದದ್ದಿರಲಿ — ನಲವತ್ತಮೂರರಲ್ಲೂ ಅದು ಏರಿತ್ತು. ಆರೋಗ್ಯವಂತರ ಹೃದಯದಲ್ಲಿ ಇರುವುದಕ್ಕಿಂತ ಎರಡು ಪಟ್ಟು, ಮೂರು ಪಟ್ಟು. ಕಾಯಿಲೆ ಯಾವ ದಾರಿಯಿಂದ ಬಂದರೂ ಗುರಿ ಒಂದೇ ಎಂದು ನಮಗೆ ಖಚಿತವಾದದ್ದು ಆ ಅಳತೆಯಿಂದ.

ಎಲ್ಲ ಮುಗಿದ ಮೇಲೆ ನಾನು ಸಂಖ್ಯೆಗಳನ್ನು ಬಿಚ್ಚಿಟ್ಟೆ. ಅವಳು ಪಟ್ಟಿಯಲ್ಲಿ ಬೆರಳಿಟ್ಟು ಹುಡುಕಿದಳು. ನಲವತ್ತೊಂದು — ಸರಿಯಾಗಿ ನಡುವೆ ಇತ್ತು. ಮೇಲೆ ಇಪ್ಪತ್ತೊಂದು, ಕೆಳಗೆ ಇಪ್ಪತ್ತೊಂದು. ಮುಖ ಸಣ್ಣದು ಮಾಡಿಕೊಂಡು ಅಂದಳು, "ಅಷ್ಟೆಲ್ಲಾ ಒದ್ದಾಡಿ ನಂದು ಸರಾಸರೀನಾ?"

ಒಂದು ವಾರ ಬೇಜಾರು ಮಾಡಿಕೊಂಡಿದ್ದಳು. ನಿಜವಾಗಿ.

ಆಮೇಲೆ ಹಂದಿಗಳಲ್ಲಿ ಪರೀಕ್ಷೆ. ಅದೂ ಗೆದ್ದಿತು. ಆಮೇಲೆ ಮನುಷ್ಯರು. ಅದಕ್ಕೆ ಹೊರಗಿನ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕಿತ್ತು. ಏಳು ಜನ. ಅವರಲ್ಲೊಬ್ಬ ಹಿರಿಯ ವೈದ್ಯರಿಗೆ ಅನುಮಾನ. ಅದು ತಪ್ಪು ಅನುಮಾನವೂ ಅಲ್ಲ.

"ಈ ಪುಟಾಣಿ ನೂರಾರು ಚೀಟಿಗಳನ್ನ ಮುಟ್ಟುತ್ತೆ," ಅಂದರು ಅವರು. "ಹೃದಯದಲ್ಲಿ ಮಾತ್ರ ಅಲ್ಲ, ಯಕೃತ್ತಲ್ಲಿ, ಮೂತ್ರಪಿಂಡದಲ್ಲಿ. ಅದನ್ನ ಹಿಡಿದು ಕಟ್ಟಿದ್ರೆ ಬೇರೆಲ್ಲಿ ಏನಾಗುತ್ತೋ. ಇಂಥಾದ್ದಕ್ಕೆ ಯಾವ ರೋಗಿ ಒಪ್ತಾರೆ ಹೇಳಿ."

ಕಾಗದ ಎತ್ತಿಕೊಡಲು ಹೋಗಿದ್ದ ನಾವು ಟೆಕ್ನಿಷಿಯನ್‌ಗಳು ಗೋಡೆ ಬದಿಯಲ್ಲಿ ಕೂತಿದ್ದೆವು. ನಮಗೆ ಮಾತಾಡುವ ಹಕ್ಕಿರಲಿಲ್ಲ. ಹಿಸ್ಕೆ ಎದ್ದು ನಿಂತಳು.

"ನಾನು ಒಪ್ತಿದ್ದೆ," ಅಂದಳು.

ಅಧ್ಯಕ್ಷರು, "ತಾವು ಯಾರು?" ಅಂದರು.

"ನಲವತ್ತೊಂದನೇ ಮಾದರಿ."

ಅವಳು ನಿಧಾನವಾಗಿ ಮಾತಾಡಿದಳು. ನನಗೆ ಪ್ರತಿ ಮಾತೂ ನೆನಪಿದೆ.

"ಡಾಕ್ಟ್ರೇ, ನೀವು ಹೇಳಿದ ಅಪಾಯ ನಿಜ. ಅದಕ್ಕೇ ತೀರಾ ಸಣ್ಣ ಪ್ರಮಾಣದಿಂದ ಶುರು ಮಾಡ್ತೀವಿ, ಎಲ್ಲಿ ನಿಲ್ಲಿಸಬೇಕು ಅಂತ ಮೊದ್ಲೇ ಬರೆದಿಟ್ಟಿದ್ದೀವಿ. ಆದ್ರೆ ಪಟ್ಟಿಯಲ್ಲಿ ಕಾಯೋದು ಅಂದ್ರೇನು ಅಂತ ಹೇಳ್ತೀನಿ ಕೇಳಿ. ಹದಿನಾಲ್ಕು ತಿಂಗಳು. ಚಳಿಗಾಲದಲ್ಲಿ ಬೆಳಿಗ್ಗೆ ಎದ್ದು ಕಿಟಕಿ ತೆಗೆದು ನೋಡ್ತಿದ್ದೆ. ರಸ್ತೆ ಮೇಲೆ ಹಿಮ ಗಟ್ಟಿಯಾಗಿದ್ರೆ ನನಗೆ ಒಂದು ಆಸೆ ಹುಟ್ತಿತ್ತು — ಇವತ್ತು ಯಾರಾದ್ರೂ ಜಾರಬಹುದು ಅಂತ. ಯಾರದ್ದೋ ಮಗ, ಯಾರದ್ದೋ ಹೆಂಡ್ತಿ. ಹಾಗೆ ಯೋಚಿಸಿದ್ದಕ್ಕೆ ನನಗೆ ಇನ್ನೂ ನಾಚಿಕೆ ಇದೆ. ಇನ್ನೊಬ್ಬರು ಹಾಗೆ ಕಿಟಕಿ ತೆಗೆಯೋದು ಬೇಡ. ನನ್ನ ಮಾತು ಇಷ್ಟೇ."

ಕೂತಳು. ಏಳು ಕೈ ಎದ್ದವು. ಆ ಹಿರಿಯ ವೈದ್ಯರದ್ದು ಎಲ್ಲರಿಗಿಂತ ಮೊದಲು. ಅವರು ಇವತ್ತು ಇಲ್ಲಿದ್ದಾರೆ, ಹೆಸರು ಹೇಳಬೇಡ ಎಂದು ಕೇಳಿಕೊಂಡಿದ್ದಾರೆ.

ಪರೀಕ್ಷೆ ಶುರುವಾಯಿತು. ಮೊದಲ ಹಂತದಲ್ಲಿ ಯಾರಿಗೂ ತೊಂದರೆಯಾಗಲಿಲ್ಲ. ಎರಡನೇ ಹಂತಕ್ಕೆ ಅರವತ್ತನಾಲ್ಕು ಜನ. ಅವರಲ್ಲಿ ಒಬ್ಬಳು ಮಾರಿಟ್. ಇಪ್ಪತ್ತನಾಲ್ಕು ವರ್ಷ. ಅಜ್ಜನಿಂದ ಬಂದ ಅದೇ ಹೃದಯ. ಆಗಲೇ ಕಸಿಯ ಪಟ್ಟಿಗೆ ಹೆಸರು ಸೇರಿತ್ತು.

ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಉಪ್ಪುನೀರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಆದರೆ ರಕ್ತದ ಮಾದರಿಗಳು ಬರುವುದು ನಮ್ಮ ಮೇಜಿಗೆ. ಅಳೆಯುವವರು ಜಾಣರಾದರೆ ಊಹಿಸಬಹುದು. ಹಿಸ್ಕೆ ಜಾಣೆ. ಮಾರಿಟ್ ಸೇರಿದ ದಿನವೇ ಆ ಮಾದರಿಗಳನ್ನು ಇಡುವ ಕಪಾಟಿನ ಬೀಗದ ಕೈ ತಂದು ನನ್ನ ಮುಂದಿಟ್ಟಳು.

"ನಾನು ಈ ಕಪಾಟಿನ ಮಟ್ಟಿಗೆ ರಜೆ ಮೇಲಿದ್ದೀನಿ."

ಹನ್ನೊಂದು ತಿಂಗಳು ಅದನ್ನು ಮುಟ್ಟಲಿಲ್ಲ. ಇದನ್ನು ವೊಬ್ಬೆ ಮೊನ್ನೆ ನನಗೆ ಹೇಳಿದರು — ಭಾನುವಾರ ಮಾರಿಟ್ ಊಟಕ್ಕೆ ಬಂದರೆ ಹಿಸ್ಕೆ ಅವಳ ಕಾಲಿನ ಕಡೆ ನೋಡುತ್ತಿರಲಿಲ್ಲವಂತೆ. ಹೃದಯ ಸೋತರೆ ಕಾಲು ಊದುತ್ತದೆ. ಊದಿದೆಯೋ ಇಳಿದಿದೆಯೋ ನೋಡಿದರೆ ಊಹೆ ಶುರುವಾಗುತ್ತದೆ ಎಂದು ಇಡೀ ಊಟ ಮುಗಿಯುವವರೆಗೆ ಕಿಟಕಿಯಾಚೆ ನೋಡುತ್ತಾ ಸೂಪು ಕುಡಿಯುತ್ತಿದ್ದಳಂತೆ. ಅತ್ತೆಗೆ ತನ್ನ ಮೇಲೆ ಕೋಪ ಎಂದು ಮಾರಿಟ್ ಅಂದುಕೊಂಡಿದ್ದಳು.

ಹೋದ ಅಕ್ಟೋಬರಿನಲ್ಲಿ ಗುಟ್ಟು ಒಡೆಯಿತು. ಔಷಧಿ ಪಡೆದವರ ಹೃದಯ ಗಟ್ಟಿಯಾಗಿತ್ತು. ಲೆಕ್ಕವನ್ನು ಮೂರು ಕಡೆ ಮೂರು ಜನ ಬೇರೆ ಬೇರೆ ಮಾಡಿದರು, ಮೂರೂ ಒಂದೇ. ಪ್ರೊಫೆಸರ್ ಹಾಯ್ಟಿಂಗ್ ಕಾರಿಡಾರಿನಲ್ಲಿ ಓಡಿದರು. ಅರವತ್ತಾರು ವರ್ಷದವರು — ಓಡಿದರು. ನಾನು ಮೇಜಿನ ಮೇಲೆ ಹತ್ತಿದ್ದೆ.

ಹಿಸ್ಕೆ ಕುರ್ಚಿಯಲ್ಲಿ ಕೂತಿದ್ದಳು. ಕೈಯಲ್ಲಿ ಒಂದು ಹಾಳೆ. ಮಾರಿಟ್ ಹೆಸರಿನ ಮುಂದೆ ಬರೆದಿತ್ತು: ಉಪ್ಪುನೀರು.

ಕೋಣೆಯೆಲ್ಲ ಗದ್ದಲ. ನಾನು ಮೇಜಿನಿಂದ ಇಳಿದೆ. ಅವಳೇ ಹಾಳೆ ಮಡಿಚಿ ಕೇಳಿದಳು, "ಉಪ್ಪುನೀರಿನವರಿಗೆ ಔಷಧಿ ಯಾವಾಗಿಂದ?"

"ನವೆಂಬರ್ ಹತ್ತಕ್ಕೆ."

"ಹಂಗಾದ್ರೆ ಆಯ್ತು," ಅಂದಳು. "ಈಗ ನೀನು ಮತ್ತೆ ಮೇಜು ಹತ್ತಬಹುದು."

ನವೆಂಬರ್ ಹತ್ತಕ್ಕೆ ಮಾರಿಟ್‌ಗೆ ಮೊದಲ ಚುಚ್ಚುಮದ್ದು. ಅದೇ ಹೊತ್ತಿಗೆ ಹಿಸ್ಕೆಯ ಮೂತ್ರಪಿಂಡ ಸೋಲತೊಡಗಿತು. ಕಸಿ ಮಾಡಿದ ಹೃದಯವನ್ನು ದೇಹ ತಿರಸ್ಕರಿಸದಂತೆ ಒಂಬತ್ತು ವರ್ಷ ನುಂಗಿದ ಮಾತ್ರೆಗಳ ಬೆಲೆ ಅದು. ಮಾರ್ಚಿನಲ್ಲಿ ನ್ಯುಮೋನಿಯಾ. ಒಮ್ಮೆ ವಾಸಿಯಾಯಿತು, ಮತ್ತೆ ಬಂತು.

ಏಪ್ರಿಲ್ ಹದಿನೇಳು, ಗುರುವಾರ, ಮಧ್ಯಾಹ್ನ. ನಾನು ಅವಳ ಮಂಚದ ಪಕ್ಕ ಕೂತಿದ್ದೆ. ಅವಳ ಫೋನ್ ರಿಂಗಾಯಿತು. ಮಾರಿಟ್.

"ಅತ್ತೆ, ನನ್ನ ಹೆಸರು ತೆಗೆದುಬಿಟ್ರು."

"ಎಲ್ಲಿಂದ?"

"ಪಟ್ಟಿಯಿಂದ. ಇನ್ನು ಕಸಿ ಬೇಡ್ವಂತೆ. ಇಪ್ಪತ್ತೆರಡು ಇದ್ದಿದ್ದು ಈಗ ಮೂವತ್ತೊಂಬತ್ತು ಆಗಿದೆ."

ಹೃದಯ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ನೂರಕ್ಕೆ ಎಷ್ಟು ಭಾಗ ಹೊರಕ್ಕೆ ತಳ್ಳುತ್ತದೆ ಎನ್ನುವ ಅಳತೆ ಅದು. ಹಿಸ್ಕೆ ಉಸಿರು ಎಳೆದುಕೊಂಡಳು. "ಇನ್ನೊಂದ್ಸಲ ಹೇಳು," ಅಂದಳು. ಮಾರಿಟ್ ಮತ್ತೆ ಹೇಳಿದಳು. "ಇನ್ನೊಂದ್ಸಲ. ತಡಿ, ಸ್ಪೀಕರ್ ಹಾಕ್ತೀನಿ, ಇಲ್ಲಿ ಸಿಸ್ಟರ್ ಇದ್ದಾರೆ, ಅವರಿಗೂ ಕೇಳ್ಲಿ." ಮೂರನೇ ಸಲ ಹೇಳುವಾಗ ಆ ಕಡೆ ಮಾರಿಟ್ ಅಳುತ್ತಿದ್ದಳು. ಈ ಕಡೆ ದಾದಿ. ಹಿಸ್ಕೆ ಅಳಲಿಲ್ಲ. ನನ್ನ ಕಡೆ ತಿರುಗಿ, "ಹಾರ್ಮ್, ಹೋಗಿ ಸಕ್ಕರೆ ಬ್ರೆಡ್ ತಗೊಂಡು ಬಾ," ಅಂದಳು. "ಇಡೀ ವಾರ್ಡಿಗಾಗೋಷ್ಟು. ಫ್ರೀಸ್‌ಲ್ಯಾಂಡಿನದ್ದು ತಾ. ನಿಮ್ಮೂರಿನದ್ದು ಬೇಡ, ಇವತ್ತು ಒಳ್ಳೇ ದಿನ."

ಹೋಗಿ ತಂದೆ, ಹದಿನಾಲ್ಕು ಬ್ರೆಡ್. ಅವಳಿಗೆ ನುಂಗಲು ಆಗುತ್ತಿರಲಿಲ್ಲ. ದಿಂಬಿಗೆ ಒರಗಿ, ಎಲ್ಲರೂ ಬೆಣ್ಣೆ ಸವರಿಕೊಂಡು ತಿನ್ನುವುದನ್ನು ನೋಡುತ್ತಿದ್ದಳು. ಯುದ್ಧ ಗೆದ್ದ ರಾಣಿ ಹಾಗೆ ಕೂತಿರುತ್ತಾಳೋ ಏನೋ, ನಾನು ರಾಣಿಯರನ್ನು ಹತ್ತಿರದಿಂದ ನೋಡಿಲ್ಲ. ಹತ್ತೊಂಬತ್ತು ದಿನದ ಮೇಲೆ, ವೊಬ್ಬೆ ಅವರ ಕೈ ಹಿಡಿದುಕೊಂಡೇ, ಹೋದಳು.

ಮಿತ್ರರೇ, ಔಷಧಿ ಇನ್ನೂ ಅಂಗಡಿಗೆ ಬಂದಿಲ್ಲ. ಸುಳ್ಳು ಹೇಳಿದರೆ ಅವಳು ಕ್ಷಮಿಸುವುದಿಲ್ಲ. ಎಲ್ಲರ ಹೃದಯವೂ ಮಾರಿಟ್‌ಳದ್ದರ ಹಾಗೆ ಚೇತರಿಸಿಕೊಂಡಿಲ್ಲ. ಸೆಪ್ಟೆಂಬರಿನಲ್ಲಿ ದೊಡ್ಡ ಪರೀಕ್ಷೆ ಶುರುವಾಗುತ್ತದೆ — ಹನ್ನೊಂದು ಆಸ್ಪತ್ರೆ, ಒಂಬೈನೂರು ಜನ. ಅದರಲ್ಲಿ ಏನು ಬರುತ್ತದೋ ಅದೇ ಸತ್ಯ. ಆದರೆ ಕಳೆದ ತಿಂಗಳು ಅಚ್ಚಾದ ನಮ್ಮ ಲೇಖನ ನೋಡಿ. ಲೇಖಕರ ಪಟ್ಟಿಯಲ್ಲಿ ಮೂರನೇ ಹೆಸರು, ಹಿಸ್ಕೆ ವಿಯಾರ್ಡಾ. ಒಳಗೆ ಹೃದಯಗಳ ಪಟ್ಟಿಯಲ್ಲಿ, ನಡುಮಧ್ಯದಲ್ಲಿ, ನಲವತ್ತೊಂದು. ಅಳೆದವಳೂ ಅವಳೇ, ಅಳೆಸಿಕೊಂಡವಳೂ ಅವಳೇ. ಇಂಥ ಲೇಖನ ನಾನು ಇನ್ನೊಂದು ನೋಡಿಲ್ಲ.

ಈಗ ನನ್ನ ಒಂದು ಕೋರಿಕೆ. ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಲ್ಲೋಣ. ಈ ಮೌನ ಇಬ್ಬರಿಗೆ ಸಲ್ಲಲಿ. ಒಬ್ಬಳು ಹಿಸ್ಕೆ. ಇನ್ನೊಬ್ಬರ ಹೆಸರು ನಮಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಆ ಫೆಬ್ರವರಿಯಲ್ಲಿ ಯಾವುದೋ ಮನೆಯಿಂದ ಹೊರಟವರು ಮರಳಲಿಲ್ಲ, ಅವರ ಹೃದಯ ನಮ್ಮ ಲ್ಯಾಬಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿತು.

ಒಂದು ನಿಮಿಷ ಅಂದರೆ ಸುಮಾರು ಎಪ್ಪತ್ತು ಬಡಿತ. ಎಣಿಸಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ.

ಮಾರಿಟ್ — ಮೊದಲು ನೀನು ಏಳಮ್ಮ. ನಿನ್ನ ಹಿಂದೆ ನಾವೆಲ್ಲರೂ ಏಳುತ್ತೇವೆ.